ಬಾವಿ ಚಿತ್ರದ ಆಕಾಶ

"ಹೆಟ್ಟಿ, ಇವಾನ್ ಚಿತ್ರದ ಆಕಾಶಾನ ಮೇಲಿಂದ ಕೆಳಕ್ಕೆ ಅಂಟಿಸ್ಬಿಟ್ಟಿದ್ದಾನೆ ಕಣೇ!" ಅಂತ ಬ್ರೈಯನಿ ಫೋನಲ್ಲಿ ಕಿರುಚಿದ್ಳು.

ಚಿತ್ರ ಮಾಡ್ತಿದ್ದ ಚರ್ಚ್ ಹಾಲ್‌ಗೆ ಓಡಿದೆ. ಪ್ರತಿ ಮೇ ತಿಂಗಳಲ್ಲಿ ನಮ್ಮೂರ ಹಳೇ ಬಾವಿ ಮುಂದೆ ಹೂವಿನ ದಳಗಳಿಂದ ಮಾಡಿದ ದೊಡ್ಡ ಚಿತ್ರ ನಿಲ್ಲಿಸ್ತೀವಿ, ನೋಡೋಕೆ ಬಸ್ಸುಗಟ್ಟಲೆ ಜನ ಬರ್ತಾರೆ. ದಳಗಳನ್ನ ಹಲಗೆಗೆ ಮೆತ್ತಿದ ಹಸಿ ಜೇಡಿಮಣ್ಣಿಗೆ ಕೆಳಗಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಒತ್ತಬೇಕು. ಇಲ್ದಿದ್ರೆ ಮಳೆನೀರು ಒಳಗಿಳಿದು ಎಲ್ಲಾ ಉದುರುತ್ತೆ. ಹೋದ ವರ್ಷ ಉದುರಿತ್ತು. ಈ ಸಲವೂ ಕೆಟ್ರೆ ಪದ್ಧತೀನೇ ನಿಲ್ಲಿಸ್ತೀವಿ ಅಂದಿದ್ರು ಹಿರಿಯರು.

"ಹೆಂಚಿನ ಮನೇನೇ ನೋಡಿಲ್ವೇನೋ ಕತ್ತೆ?" ಅಂತ ನಾನು ಇವಾನ್‌ಗೆ ಬೈದೆ. ಮೂವರೂ ಸೇರಿ ಆಕಾಶ ಪೂರ್ತಿ ಕಿತ್ತೆವು. ಬೀಗ ಹಾಕಿ ಬೇರೆ ಹೂ ತರೋಕೆ ಹೋದೆವು. ಕೀಲಿ ನನ್ ಜೇಬಲ್ಲೇ ಇತ್ತು.

ವಾಪಸ್ ಬಂದ್ರೆ ಅರ್ಧ ಆಕಾಶ ತುಂಬಿತ್ತು! ಕೆಳಗಿಂದ ಮೇಲಕ್ಕೆ, ಒಂದು ಸಂದೂ ಇಲ್ದೆ. ಮುಟ್ಟಿದ್ರೆ ಮಂಜುಗಡ್ಡೆಯಷ್ಟು ತಣ್ಣಗೆ. ಎಲ್ಲಾ ನೀಲಿ ಹೈಡ್ರೇಂಜಾ ಹೂವಿನ ದಳ. ನಮ್ಮೂರಲ್ಲಿ ಅದು ಜುಲೈಗೆ ಮುಂಚೆ ಅರಳೋದೇ ಇಲ್ಲ.

"ಓಡೋಣ್ವಾ?" ಅಂದ ಇವಾನ್.

"ಸಹಾಯ ಮಾಡ್ತಿರೋರನ್ನ ಬಿಟ್ಟು ಓಡ್ತಾರೇನೋ? ಕೂತ್ಕೋ," ಅಂದ್ಳು ಬ್ರೈಯನಿ.

ಕೂತು ಒತ್ತಿದೆವು. ಹೆಬ್ಬೆರಳು ಮಣ್ಣಿಗೆ ಒತ್ತೋ ಪಚ್ ಪಚ್ ಸದ್ದು, ಮೂವರೂ ಕೈ ತೆಗೆದ ಮೇಲೂ ಒಂದ್ಸಲ ಕೇಳ್ತು. ಸಂಜೆಯೊಳಗೆ ಆಕಾಶ ಮುಗೀತು.

ಹೊರಡುವಾಗ ಇವಾನ್ ಖಾಲಿ ಹಾಲ್ ಕಡೆ ತಿರುಗಿ, "ನಾಳೆ ಹತ್ತಕ್ಕೆ ಬಾವಿ ಹತ್ರ ಚಿತ್ರ ನಿಲ್ಲಿಸ್ತೀವಿ. ನೀವೂ ಬನ್ನಿ," ಅಂದ.