ಬಾಗಿಲಾಚೆ ಬಿಟ್ಟ ಚಪ್ಪಲಿ

“ನಮ್ಮವ್ವನ ಚಪ್ಪಲಿ ಎಲ್ಲಿ ರೀ?”

ರಿಸೆಪ್ಷನ್ ಕೌಂಟರಿಗೆ ಅಂಗೈ ಊರಿ ನಿಂತವನನ್ನು ವೈಷ್ಣವಿ ಅಡಿಯಿಂದ ಮುಡಿಯವರೆಗೆ ಅಳೆದಳು. ಅವನ ಹಿಂದೆ ಒಬ್ಬ ಮುದುಕಿ, ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಮುದುಡಿ ನಿಂತಿದ್ದಳು.

2003ರ ಇಂದಿರಾನಗರ. ಸ್ಟಾರ್ ಹೋಟೆಲ್ ಎಂದರೆ ಕೇಳಬೇಕೆ! ಬಾಗಿಲು ತೆರೆಯಲು ಒಬ್ಬ, ಪೆಟ್ಟಿಗೆ ಹೊರಲು ಒಬ್ಬ, ಸುಮ್ಮನೆ ನಗಲು ನಾಲ್ವರು. ಆ ನಗುವವರಲ್ಲಿ ನಮ್ಮ ವೈಷ್ಣವಿಯೂ ಒಬ್ಬಳು. ಆದರೆ ಆ ನಗು ಎಲ್ಲರಿಗೂ ಸಿಗುತ್ತಿರಲಿಲ್ಲ.

“ರೂಮಿನ ಹೊರಗೆ ಬಿಟ್ಟಿದ್ರಲ್ಲ, ಅದಾ? ನಾನೇ ತೆಗೆಸಿ ಹಾಕ್ಸಿದೆ ಸರ್. ಕಾರಿಡಾರ್ ನಿಮ್ಮನೆ ಜಗುಲಿ ಅಲ್ಲ!”

“ಮಲಗೋ ಕೋಣೆಗೆ ಚಪ್ಪಲಿ ಹಾಕ್ಕೊಂಡು ಹೋಗೋದು ನಿಮ್ಮಲ್ಲಿ ಮರ್ಯಾದೆನಾ?”

ಅವನು ಕಿರಣಕುಮಾರ, ಸಿಂಧನೂರಿನ ಕಡೆಯವನು. ಮುದುಕಿ ಅವನ ತಾಯಿ ಜಟ್ಟೆಮ್ಮ. ನೆಂಟರ ಮದುವೆಗೆಂದು ಬಂದವರಿಗೆ ಹೆಣ್ಣಿನ ಕಡೆಯವರು ಇಲ್ಲಿ ರೂಮು ಹಿಡಿದಿದ್ದರು. ಇಲ್ಲದಿದ್ದರೆ ಕೆ.ಆರ್. ಪುರಂ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಅವನದೇ ಒಂದು ಮೋಟೆಲ್ ಇತ್ತು. ಅದನ್ನೂ ಅವನೇ ಹೇಳಿಕೊಂಡ.

“ಮೋಟೆಲ್ಲಾ!” ವೈಷ್ಣವಿಯ ಮೂಗು ತಾನಾಗಿ ಮೇಲೇರಿತು. “ಅದಕ್ಕೇ...”

ಚಪ್ಪಲಿ ಕಸದ ಗಾಡಿಯಲ್ಲಿ ಹೋಗಿಯಾಗಿತ್ತು. ಜಟ್ಟೆಮ್ಮ ಬರಿಗಾಲಲ್ಲೇ ಹೊರಟಳು.

ಅಹಾ, ಹುಡುಗಿಯ ಜಂಬ ನೋಡಿ! ಸಂಜೆಯಾದರೆ ಹೋಗುವುದು ಜೋಗುಪಾಳ್ಯದ ಗಲ್ಲಿಗೆ. ಅಲ್ಲಿ ಹೊಸ್ತಿಲಾಚೆ ಬಿದ್ದಿರುವ ಮನೆಮಂದಿಯ ಚಪ್ಪಲಿ ರಾಶಿ ದಾಟಿಯೇ ಒಳಗೆ ಕಾಲಿಡಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇಲ್ಲಿ ಐಶ್ವರ್ಯ ಹೋಟೆಲಿನದು, ಕೊಡೆ ಮಾತ್ರ ಇವಳದು!

ಆದರೆ ವಿಧಿಯಾಟ... ಹೋಟೆಲ್ ತುಂಬಿದಾಗ, ಸ್ವಂತ ಕಾರಲ್ಲಿ ಬಂದವರನ್ನು ಆ ಮೋಟೆಲಿಗೇ ಕಳಿಸುವುದೆಂದು ಮ್ಯಾನೇಜರ್ ಒಪ್ಪಂದ ಮಾಡಿಕೊಂಡ. ಫೋನ್ ಮಾಡಬೇಕಾದವಳು ವೈಷ್ಣವಿ.

“ನಿಮ್ಮ ಗೂಡಲ್ಲಿ ಜಾಗ ಇದೆಯಾ?”

“ಇದೆ ಮೇಡಂ. ನಮ್ಮ ಗೂಡಲ್ಲಿ ಕಾರು ರೂಮಿನ ಬಾಗಿಲಿಗೇ ಬರುತ್ತೆ. ನಿಮ್ಮ ಅರಮನೇಲಿ ಮಂಚ ಸಿಗೋಷ್ಟರಲ್ಲಿ ಬೆಳಗಾಗುತ್ತೆ!”

“ಲಾರಿ ಹಾರ್ನ್ ಮಧ್ಯೆ ಮಲಗೋದಕ್ಕಿಂತ ಅದೇ ವಾಸಿ.”

“ನಮ್ಮಲ್ಲಿ ಕಿಟಕಿ ತೆಗೀಬಹುದು ರೀ. ನಿಮ್ಮಲ್ಲಿ ಗಾಳಿಗೂ ಸೂಟು ಬೂಟು ಹಾಕಿಸ್ತೀರ!”

ಬೈದಾಟಕ್ಕೂ ಒಂದು ರುಚಿ ಹತ್ತುತ್ತದೆ. ಹೋಟೆಲ್ ಖಾಲಿ ಇದ್ದ ದಿನವೂ ಅವಳ ಕೈ ಫೋನಿನತ್ತ ಹೋಗತೊಡಗಿತು. ‘ಛೆ! ಆ ಧೂಳುಮುಖದವನ ಧ್ವನಿಗೆ ನನ್ನೆದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ...?’

ಒಂದು ದಿನ ಅವನೇ ಅಂದುಬಿಟ್ಟ. “ವೈಷ್ಣವಿ, ನಂಗೆ ನೀವು ಬೇಕು. ಭಾನುವಾರ ಸಂಜೆ ಬಂದು ನನ್ನ ಗೂಡು ನೋಡಿ. ಆಮೇಲೆ ಹೂಂ ಅನ್ನಿ, ಇಲ್ಲಾ ಉಗಿದು ಹೋಗಿ.”

ಸಂಜೆಯವರೆಗೆ ಕಾಯುವ ತಾಳ್ಮೆ ಯಾರಿಗಿದೆ! ಅವಳು ಮಧ್ಯಾಹ್ನವೇ ಹೋದಳು.

ಒಂದೇ ಸಾಲಿನ ಕೋಣೆಗಳು, ಪ್ರತಿ ಬಾಗಿಲ ಮುಂದೆ ಒಂದು ಗಾಡಿ. ಯಾರೋ ಕಾರಿನ ಮೇಲೆ ಟವೆಲ್ ಒಣಹಾಕಿದ್ದರು. ಮೆಟ್ಟಿಲ ಮೇಲೆ ಅಜ್ಜನೊಬ್ಬ ಕಾಲು ಚಾಚಿ ಕಾಫಿ ಹೀರುತ್ತಿದ್ದ. ಯಾರೂ ಅವಳನ್ನು ತಡೆಯಲಿಲ್ಲ. ‘ಪರ್ವಾಗಿಲ್ಲ...’ ಎಂದಿತು ಮನಸ್ಸು.

ತನ್ನದೆಂದು ಕಿರಣ ಹೇಳಿದ್ದ ಕೊನೆಯ ಕೋಣೆಯ ಮುಂದೆ ಒಂದು ಬೈಕು, ಗಂಡಸಿನ ಚಪ್ಪಲಿ. ಅದರ ಪಕ್ಕದಲ್ಲೇ... ಬೆಳ್ಳಿ ಬಣ್ಣದ, ಹರಳು ಹಚ್ಚಿದ ಹೆಂಗಸರ ಚಪ್ಪಲಿ!

ಮುಚ್ಚಿದ ಬಾಗಿಲ ಒಳಗಿಂದ ಅವನ ದನಿ. “ಇನ್ನೊಂದೇ ತುತ್ತು... ನನ್ನ ಬಂಗಾರ ಅಲ್ವಾ?”

ವೈಷ್ಣವಿ ಬಾಗಿಲು ತಟ್ಟದೆ ಬಂದ ದಾರಿಯಲ್ಲೇ ತಿರುಗಿ ನಡೆದಳು. ‘ಮೋಟೆಲ್ ಅಂದ್ರೆ ಇಷ್ಟೇ! ಇಂಥ ಜಾಗಕ್ಕೆ ಇಂಥವನೇ ಮಾಲೀಕ. ಥೂ!’

ಅಂದಿನಿಂದ ಅವಳು ಅವನ ಫೋನು ಎತ್ತಲಿಲ್ಲ. ಚೆನ್ನೈ ಶಾಖೆಗೆ ವರ್ಗ ಬೇಡಿದಳು, ಸಿಕ್ಕಿಯೂ ಬಿಟ್ಟಿತು. ದಿಂಬು ಮಾತ್ರ ದಿನಾ ಒದ್ದೆಯಾಗುತ್ತಿತ್ತು.

ಹೊರಡುವ ಹಿಂದಿನ ದಿನ ಲಾಬಿಯಲ್ಲಿ ಟಕ್ ಟಕ್ ಸದ್ದು. ತಲೆಯೆತ್ತಿದರೆ, ಅದೇ ಹರಳಿನ ಚಪ್ಪಲಿ! ಮೇಲೆ ಇಳಕಲ್ ಸೀರೆ, ಕಣ್ಣಿಗೆ ಕಪ್ಪು ಕನ್ನಡಕ... ಜಟ್ಟೆಮ್ಮ!

“ಏನ್ ನೋಡ್ತಿ ಯವ್ವಾ? ಹಳೀವು ನೀನು ಕಸಕ್ಕ ಹಾಕ್ಸಿದಿ. ಅದಕ್ಕ ಮಗ ಶಿವಾಜಿನಗರದಾಗ ಇವು ಕೊಡಿಸ್ದ. ಮುದುಕಿಗೆ ಇಂಥಾ ಥಳಕು ಬೇಕೇನು!”

“ಅಂದ್ರೆ... ಆ ಭಾನುವಾರ... ಆ ರೂಮಲ್ಲಿ...?”

“ನಾನಽ ಇದ್ದೆ. ಕಣ್ಣಿನ ಆಪರೇಷನ್ ಆಗಿತ್ತು. ಬೆಳಕು ಚುಚ್ಚತದ ಅಂತ ಬಾಗ್ಲಾ ಮುಚ್ಚಿ ತಾನಽ ಉಣಸ್ತಿದ್ದ. ಈಗ ಅವನಽ ಉಣವಲ್ಲ. ಏನ್ ಮಾಡಿದಿ ನನ್ನ ಮಗಗ?”

ವೈಷ್ಣವಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ತಾನೇ ಎಸೆಸಿದ ಚಪ್ಪಲಿಯ ಬದಲಿಗೆ ಬಂದ ಚಪ್ಪಲಿಗೆ ತಾನೇ ಹೊಟ್ಟೆಕಿಚ್ಚುಪಟ್ಟಿದ್ದಳು!

“ತಪ್ಪಾಯ್ತು ಅವ್ವಾ...” ಎಂದವಳು ಮ್ಯಾನೇಜರ್ ಕೂಗುತ್ತಿದ್ದರೂ ನಿಲ್ಲದೆ ಹೊರಗೋಡಿ ಆಟೋ ಹತ್ತಿದಳು.

ಮೋಟೆಲಿನ ಕೊನೆಯ ಬಾಗಿಲಲ್ಲಿ ತನ್ನ ಕರಿ ಶೂ ಬಿಚ್ಚಿ ಅವನ ಚಪ್ಪಲಿ ಪಕ್ಕಕ್ಕಿಟ್ಟಳು. ಕಿರಣ ಹೊರಬಂದ. ಮುಖ ಬಿಗಿದಿತ್ತು.

“ಏನ್ ಮೇಡಂ, ಅರಮನೆ ಬಿಟ್ಟು ಇಲ್ಲಿ? ಬಾಗಿಲು ತೆಗೆಯೋಕೆ ನಮ್ಮಲ್ಲಿ ಆಳಿಲ್ಲ.”

“ನಿಮ್ಮವ್ವನ ಚಪ್ಪಲಿ ನೋಡಿ ನಿಮ್ಮನ್ನ ಅನುಮಾನಿಸ್ದೆ ಕಿರಣ್... ನನ್ನಷ್ಟು ಕೀಳು ಬುದ್ಧಿ ಯಾರಿಗೂ ಬೇಡ. ಬೈದುಬಿಡಿ!”

“ಅವ್ವನ... ಚಪ್ಪಲಿಗಾ?” ಅವನು ನಗು ತಡೆಯಲು ನೋಡಿದ, ಆಗಲಿಲ್ಲ. ಕಣ್ಣಂಚು ಮಾತ್ರ ಒದ್ದೆಯಾಯಿತು. “ಭಾನುವಾರ ಉತ್ತರ ಹೇಳ್ಬೇಕಿತ್ತು ನೀವು.”

“ಹೂಂ.”

“ಏನು ಹೂಂ?”

“ಅದೇ ಉತ್ತರ... ಹೂಂ!”

ಅವನ ನೋಟ ಅವಳ ಶೂಗಳತ್ತ ಇಳಿಯಿತು. “ಹೊರಗೆ ಬಿಟ್ಟಿದೀರಲ್ಲ, ಯಾರಾದ್ರೂ ಎತ್ತಿ ಕಸಕ್ಕೆ ಹಾಕ್ಬಿಟ್ರೆ?”

“ಹಾಕ್ಲಿ ಬಿಡಿ... ವಾಪಸ್ ಹೋಗೋದಿದ್ರೆ ತಾನೇ ಬೇಕು!”