ಕೈಯಲ್ಲಿಟ್ಟ ಹನ್ನೆರಡು ಟೋಕನ್

ಅವರಿಬ್ಬರೂ ಮೊದಲ ಸಲ ಮಾತಾಡಿದ್ದೇ ಜಗಳದಲ್ಲಿ.

ಅವನು ಪಾರ್ಕಿನ ದೊಡ್ಡ ರೋಲರ್ ಕೋಸ್ಟರ್ ನಡೆಸುವವನು. ಎಲ್ಲರ ಬಾಯಲ್ಲೂ ‘ಬ್ರೇಕ್ ಸಾರ್’. ಅವಳು ಕೆಳಗೆ ಕೌಂಟರಿನಲ್ಲಿ ಕೂತು ಟೋಕನ್ ಕೊಡುವವಳು. ಮೂರು ಗಂಟೆಗೆ ಬನ್ನಿ, ಮೂರೂವರೆಗೆ ಬನ್ನಿ ಎಂದು ಚೀಟಿಯ ಮೇಲೆ ಸಮಯ ಬರೆದುಕೊಟ್ಟರೆ, ಜನ ಬಿಸಿಲಲ್ಲಿ ಸಾಲು ನಿಲ್ಲದೆ ಅಷ್ಟು ಹೊತ್ತು ಬೇರೆ ಕಡೆ ಸುತ್ತಾಡಿಕೊಂಡು ಬರಬಹುದು. ಅರ್ಧ ಗಂಟೆಗೆ ನೂರಿಪ್ಪತ್ತು ಸೀಟು, ನೂರಿಪ್ಪತ್ತು ಟೋಕನ್. ಅವಳು ಕೆಲಸಕ್ಕೆ ಸೇರಿದ ವಾರವೇ ಅವನು ಧಡಧಡ ಮೆಟ್ಟಿಲಿಳಿದು ಬಂದ.

“ಏನ್ರೀ ಮೇಡಂ, ಮೂರು ಗಂಟೆದು ತಪ್ಪಿಸ್ಕೊಂಡೋರಿಗೆಲ್ಲ ಮೂರೂವರೆದು ಕೊಟ್ಟು ಕಳಿಸ್ತಿದ್ದೀರಲ್ಲ? ಆ ಟೋಕನ್ ಬೆಳಿಗ್ಗೇನೇ ಮುಗೀಬೇಕಿತ್ತು!”

“ಮುಗೀಲಿಲ್ಲ. ಹನ್ನೆರಡು ಕೈಯಲ್ಲಿಟ್ಕೊಂಡಿದ್ದೆ.”

“ಯಾರು ಹೇಳಿದ್ರು ಇಟ್ಕೊಳ್ಳೋಕೆ?”

“ಯಾರೂ ಹೇಳ್ಲಿಲ್ಲ. ಮಗು ಬಾತ್‌ರೂಮಿಗೆ ಅಂತ ಅಳುತ್ತೆ, ಅಜ್ಜಿ ಕಾಲು ನೋವು ಅಂತ ಕೂತ್ಬಿಡ್ತಾರೆ. ಅದೆಲ್ಲ ಗಡಿಯಾರ ನೋಡ್ಕೊಂಡು ಬರುತ್ತಾ? ನಿಮ್ಮ ಒಂದು ಸೀಟಾದ್ರೂ ಖಾಲಿ ಹೋಯ್ತಾ, ಹೇಳಿ ನೋಡೋಣ.”

ಹೋಗಿರಲಿಲ್ಲ. ಅವಳು ಪೆನ್ನಿನ ಕ್ಯಾಪನ್ನು ಹಲ್ಲಲ್ಲಿ ಕಚ್ಚಿಕೊಂಡು, ನಗು ಕಾಣಬಾರದೆಂದು ತಲೆ ತಗ್ಗಿಸಿದಳು. ಕೆನ್ನೆಯಲ್ಲಿ ಅದು ಕಂಡೇ ಕಂಡಿತು. ಅಲ್ಲಿಗೆ ನಮ್ಮ ಬ್ರೇಕ್ ಸಾರ್ ಕಥೆ ಮುಗಿಯಿತು ಅನ್ನಿ.

ಆಮೇಲೆ ಅದೇ ಪದ್ಧತಿಯಾಯಿತು. ತಡವಾಗಿ ಬಂದವರನ್ನು ಅವನು ಗದರುತ್ತಿರಲಿಲ್ಲ. ಮೇಲಿನಿಂದಲೇ ಕೈಯೆತ್ತಿ ಕೌಂಟರಿನ ಕಡೆ ತೋರಿಸುತ್ತಿದ್ದ, “ಆ ಮೇಡಂ ಹತ್ರ ಹೋಗಿ.” ಅವಳು ತಲೆಯೆತ್ತಿ, ಇನ್ನೆಷ್ಟು ಉಳಿದಿವೆ ಎಂದು ಬೆರಳಲ್ಲೇ ತೋರಿಸುತ್ತಿದ್ದಳು. ಐದು. ಮೂರು. ಒಂದೇ ಒಂದು ಉಳಿದಾಗ ತೋರುಬೆರಳನ್ನು ಮೂಗಿನ ಹತ್ತಿರ ತಂದು, ಹುಷಾರು ಎನ್ನುವಂತೆ ಅಲ್ಲಾಡಿಸುತ್ತಿದ್ದಳು. ಅದಕ್ಕೋಸ್ಕರ ಅವನು ಕಾಯುತ್ತಿದ್ದ. ತಡವಾಗಿ ಬಂದವರ ಪುಣ್ಯದಿಂದ ದಿನಕ್ಕೆ ಹತ್ತು ಸಲವಾದರೂ ಅವರ ಕಣ್ಣು ಕೂಡುತ್ತಿದ್ದವು.

“ನಾಲ್ಕು ವರ್ಷ ಆಯ್ತು ಮೇಡಂ, ಒಂದ್ಸಲನಾದ್ರೂ ಹತ್ತಿ.”

“ಅಯ್ಯೋ, ನಂಗೆ ಭಯ.”

“ಬ್ರೇಕ್ ಹತ್ರ ನಾನೇ ಇರ್ತೀನಲ್ಲ.”

“ಅದಕ್ಕೇ ಭಯ ಅಂದಿದ್ದು.”

ಇಷ್ಟಾದರೂ ಹೇಳಬೇಕಾದ ಮಾತನ್ನು ಮಾತ್ರ ಅವನು ಹೇಳಲಿಲ್ಲ. ಅಣ್ಣನ ಮನೆಯಲ್ಲಿದ್ದ ಅವನಿಗೆ ಊಟ ಬಡಿಸುವಾಗೆಲ್ಲ ಅತ್ತಿಗೆಯದು ಒಂದೇ ಪ್ರಶ್ನೆ, “ಹೇಳಿದ್ಯೇನಪ್ಪಾ?”

“ನಾಳೆ ಹೇಳ್ತೀನಿ ಅತ್ತಿಗೆ.”

“ನಿನ್ನ ನಾಳೆಗಿಷ್ಟು ಬೆಂಕಿ ಹಾಕ!”

ಐದನೇ ವರ್ಷ ಮ್ಯಾನೇಜರ್ ಅವನನ್ನು ಆಫೀಸಿಗೆ ಕರೆದರು. ಕಂಪ್ಯೂಟರಿನವರು ಇಬ್ಬರು ಕೂತಿದ್ದರು. ಇನ್ನು ಮುಂದೆ ಜನ ಮನೆಯಿಂದಲೇ ಫೋನಿನಲ್ಲಿ ಸಮಯ ಬುಕ್ ಮಾಡುತ್ತಾರಂತೆ, ಅದಕ್ಕೆ ಮಾಹಿತಿ ಬೇಕಂತೆ. “ಇಡೀ ಪಾರ್ಕಿನಲ್ಲಿ ನಿಮ್ಮ ರೈಡ್ ಒಂದೇ ತುಂಬಿ ಓಡೋದು. ಏನ್ ಗುಟ್ಟು?” ಎಂದು ಮ್ಯಾನೇಜರ್ ಕೇಳಿದರು.

ಕೇಳಿದ್ದೇ ತಡ, ಅವನು ಉಬ್ಬಿಹೋದ. ಗುಟ್ಟು ಅವಳು. ಅವಳು ಹನ್ನೆರಡು ಕೈಯಲ್ಲಿಡುವುದು, ಅಳುವ ಮಗುವಿನ ಮುಖ ನೋಡಿ ಚೀಟಿ ಬರೆಯುವುದು, ನಾಲ್ಕು ವರ್ಷದಲ್ಲಿ ಗೇಟಿನ ಹತ್ತಿರ ಒಂದೂ ಜಗಳವಾಗದಿರುವುದು, ಎಲ್ಲವನ್ನೂ ಹೇಳಿದ. ಅವಳ ಎದುರು ಒಂದು ಮಾತು ಆಡಲಾರದವನು ಅಲ್ಲಿ ಅರ್ಧ ಗಂಟೆ ಅವಳನ್ನು ಹೊಗಳಿದ. ಕಂಪ್ಯೂಟರಿನವರು ಎಲ್ಲವನ್ನೂ ಬರೆದುಕೊಂಡರು. ಅವನು ಸಿಳ್ಳೆ ಹಾಕುತ್ತಾ ಮೆಟ್ಟಿಲು ಹತ್ತಿದ, ಪೆದ್ದ.

ಎರಡು ತಿಂಗಳ ಮೇಲೆ ನೋಟಿಸ್ ಬಂತು. ಮುಂದಿನ ಸೋಮವಾರದಿಂದ ಫೋನಿನಲ್ಲೇ ಬುಕಿಂಗ್, ಟೋಕನ್ ಕೌಂಟರುಗಳೆಲ್ಲ ಬಂದ್. ಉಳಿದ ಕೌಂಟರಿನವರಿಗೆ ಪಾರ್ಕಿನೊಳಗೇ ಬೇರೆ ಕೆಲಸ. ಅವಳೊಬ್ಬಳಿಗೆ ಮಾತ್ರ ಬೇರೆ ಕಾಗದ. ಅನುಮತಿಯಿಲ್ಲದೆ ಪ್ರತಿ ಅರ್ಧ ಗಂಟೆಗೆ ಹನ್ನೆರಡು ಸೀಟು ತಡೆಹಿಡಿದದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ.

ಅವಳು ಕಾಗದವನ್ನು ಅವನ ಕೈಗೆ ಕೊಟ್ಟಳು. “ಓದಿ ಸಾರ್. ಹನ್ನೆರಡು ಅಂತ ಎಷ್ಟು ಸರಿಯಾಗಿ ಬರ್ದಿದ್ದಾರೆ ನೋಡಿ.”

ಅವನು ಕಾಗದ ಮಡಚಿ ವಾಪಸು ಕೊಟ್ಟ. ಮ್ಯಾನೇಜರ್ ಹತ್ತಿರ ಓಡಿದ. “ನಾನು ಒಳ್ಳೇದು ಅಂತ ಹೇಳಿದ್ದು ಸಾರ್, ಅವರು ಮಾಡ್ತಿದ್ದದ್ದು ಒಳ್ಳೇದು ಅಂತ!”

“ನೀವು ಹೇಳಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ,” ಎಂದರು ಮ್ಯಾನೇಜರ್.

ಆ ವಾರವಿಡೀ ಅವನು ಊಟ ಸರಿಯಾಗಿ ಮಾಡಲಿಲ್ಲ. ತನ್ನ ಬಾಯಿಂದಲೇ ಅವಳ ಅನ್ನ ಹೋಯಿತಲ್ಲ ಎಂಬುದು ಎದೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಹೇಳದೆ ಅವಳನ್ನು ಮದುವೆಗೆ ಕೇಳಿದರೆ ಮೋಸ. ಹೇಳಿದರೆ ಅವಳು ಮತ್ತೆ ಮುಖ ನೋಡುತ್ತಾಳೆಯೇ?

ಶನಿವಾರ ಮಧ್ಯಾಹ್ನ ಅವಳೇ ಮೆಟ್ಟಿಲ ಬುಡಕ್ಕೆ ಬಂದಳು. ಬಾಡಿಗೆ ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಮ್ಮ, ಮನೆ ನಡೆಯುತ್ತಿದ್ದದ್ದು ಈ ಸಂಬಳದಲ್ಲಿ. “ಅಕ್ಕ ತನ್ನ ಊರಿಗೇ ಬಂದ್ಬಿಡಿ ಅಂತಿದ್ದಾಳೆ,” ಎಂದಳು. “ಅವಳ ಮೈದುನ ಇದ್ದಾರೆ. ನನ್ನನ್ನ ಕೇಳ್ತಿದ್ದಾರೆ. ಇವತ್ತು ಸಂಜೆ ಆರು ಗಂಟೆಗೆ ಅಕ್ಕ ಫೋನ್ ಮಾಡ್ತಾಳೆ. ಏನ್ ಹೇಳ್ಲಿ ಸಾರ್?”

ಕಣ್ಣು ಕದಲಿಸದೆ ನೋಡಿದಳು. ನಾಲ್ಕು ವರ್ಷ ಬೆರಳಲ್ಲಿ ಆಡಿದ ಮಾತೆಲ್ಲ ಆ ನೋಟದಲ್ಲಿತ್ತು. ಹೇಳೋ, ಈಗಲಾದರೂ ಹೇಳೋ!

“ನಿಮಗೆ ಹೇಗೆ ಅನ್ಸುತ್ತೋ ಹಾಗೆ ಮಾಡಿ ಮೇಡಂ,” ಎಂದ ಅವನು.

ಅವಳು ಕೌಂಟರಿಗೆ ಹೋಗಿ ಕೂತು, ಮುಂದಿನವರಿಗೆ ಸಮಯ ಬರೆದುಕೊಟ್ಟಳು.

ಭಾನುವಾರ ಕೊನೆಯ ದಿನ, ಐದೂವರೆಯ ಕೊನೆಯ ಟ್ರಿಪ್. ಜನರ ಹಿಂದೆ ಅವಳೂ ಮೆಟ್ಟಿಲು ಹತ್ತಿ ಬಂದಳು. ಅವಳ ಕೈಯಲ್ಲಿ ಟೋಕನ್ ಇತ್ತು, ಅವಳದೇ ಅಕ್ಷರ.

“ಕೈಯಲ್ಲಿ ಒಂದು ಉಳಿದಿತ್ತು,” ಎಂದಳು. “ನಾನೇ ಹತ್ತೋಣ ಅಂದ್ಕೊಂಡೆ.”

ಕೊನೆಯ ಸಾಲಿನಲ್ಲಿ ಕೂತಳು. ಪಕ್ಕದ ಸೀಟು ಖಾಲಿ. ಅವನು ಬಗ್ಗಿ ಅವಳ ಬೆಲ್ಟ್ ಎಳೆದು ನೋಡಿದ. ಇಷ್ಟು ಹತ್ತಿರದಿಂದ ಅವಳನ್ನು ನೋಡಿದ್ದು ಅದೇ ಮೊದಲು. ಹುಬ್ಬಿನ ಕೆಳಗೆ ಒಂದು ಸಣ್ಣ ಮಚ್ಚೆ ಇತ್ತು. ನಾಲ್ಕು ವರ್ಷ ಅದು ಅವನಿಗೆ ಗೊತ್ತೇ ಇರಲಿಲ್ಲ.

“ಮ್ಯಾನೇಜರಿಗೆ ಹೇಳಿದ್ದು ನಾನೇ,” ಎಂದ, ಬೆಲ್ಟ್ ಹಿಡಿದುಕೊಂಡೇ.

“ಗೊತ್ತು.”

“ಗೊತ್ತಾ?”

“ಹನ್ನೆರಡು ಅಂತ ನಿಮ್ಮೊಬ್ರಿಗೆ ತಾನೇ ಗೊತ್ತಿದ್ದದ್ದು? ಕಾಗದ ಓದಿದ ದಿನವೇ ಗೊತ್ತಾಯ್ತು.”

“ನಿಮ್ಮನ್ನ ಹೊಗಳೋಕೆ ಹೋಗಿ...”

“ಅದೂ ಗೊತ್ತು ಸಾರ್. ನೀವು ಚಾಡಿ ಹೇಳೋರಲ್ಲ. ಮೂರು ದಿನ ಕೋಪ ಇತ್ತು, ಆಮೇಲೆ ಹೋಯ್ತು. ಅದಾದ್ಮೇಲೇ ನಿನ್ನೆ ಬಂದು ಕೇಳಿದ್ದು.”

ಮುಂದಿನ ಸಾಲಿನಲ್ಲಿ ಯಾರೋ “ಸಾರ್, ಬಿಡಿ ಸಾರ್!” ಎಂದು ಕೂಗಿದರು. ಅವನಿಗೆ ಕೇಳಿಸಲಿಲ್ಲ. “ನೀವು ಅಂದ್ರೆ ನಂಗೆ ಪ್ರಾಣ,” ಎಂದ. ಕೊನೆಗೂ ಎಂದ!

ಅವಳ ಕಣ್ಣು ತುಂಬಿದವು. “ನಿನ್ನೆ ಆರು ಗಂಟೆವರೆಗೂ ಕಾದೆ. ಅಕ್ಕನ ಫೋನ್ ಎರಡು ಸಲ ರಿಂಗ್ ಆಗಿ ನಿಲ್ಲೋಕೆ ಬಿಟ್ಟೆ, ನೀವು ಕೆಳಗಿಳಿದು ಬರ್ತೀರೇನೋ ಅಂತ. ಮೂರನೇ ಸಲ ಎತ್ತಿದೆ. ಹೂಂ ಅಂದೆ.”

“ಈಗ ಬೇಡ ಅನ್ನೋಕೆ ಆಗಲ್ವಾ?”

“ಅಕ್ಕನ ಮೈದುನ ನನ್ನ ಜೊತೇನೂ ಮಾತಾಡಿದ್ರು. ಅಮ್ಮನಿಗೆ ಕೆಳಗಿನ ರೂಮೇ ಇರ್ಲಿ, ಮೆಟ್ಟಿಲು ಹತ್ತೋದು ಕಷ್ಟ ಆಗುತ್ತೆ ಅಂದ್ರು. ಕೇಳದೇನೇ ಅಂದ್ರು ಸಾರ್. ಅಂಥೋರಿಗೆ ಹೇಗೆ ಬೇಡ ಅನ್ಲಿ?” ಅವಳು ಅವನ ಕೈಯನ್ನು ಬೆಲ್ಟಿನಿಂದ ಮೆಲ್ಲಗೆ ಬಿಡಿಸಿದಳು. ಬಿಡಿಸುವ ಮೊದಲು ಒಂದು ಗಳಿಗೆ ಗಟ್ಟಿಯಾಗಿ ಹಿಡಿದಳು. “ಹೋಗಿ, ಜನ ಕಾಯ್ತಿದ್ದಾರೆ.”

ಅವನು ಗಾಡಿ ಬಿಟ್ಟ. ಎಲ್ಲರೂ ಕಿರುಚಿದರು, ಅವಳೊಬ್ಬಳೇ ಕಿರುಚಲಿಲ್ಲ. ಎರಡೇ ನಿಮಿಷದ ಸುತ್ತು. ಬ್ರೇಕ್ ಅವನ ಕೈಯಲ್ಲೇ ಇತ್ತು, ಆದರೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಅವಳನ್ನು ಇಟ್ಟುಕೊಳ್ಳುವ ಉಪಾಯ ಅವನಿಗೆ ಗೊತ್ತಿರಲಿಲ್ಲ.

ಇಳಿದಾಗ ಅವಳ ಕೂದಲು ಕೆದರಿತ್ತು, ಕೆನ್ನೆ ಒದ್ದೆ. “ಗಾಳಿ,” ಎಂದಳು.

“ಭಯ ಆಯ್ತಾ?”

“ಹತ್ತೋವರೆಗೂ ಅಷ್ಟೇ,” ಎಂದು ಮೆಟ್ಟಿಲಿಳಿದು ಹೋದಳು. ತಿರುಗಿ ನೋಡಿದ್ದು ಒಂದೇ ಸಲ, ಕೌಂಟರಿನ ಬೀಗ ಹಾಕುವಾಗ.

ಸೋಮವಾರ ಗೇಟಿಗೆ ಹೊಸ ಮೆಷಿನ್ ಬಂತು. ಫೋನು ತೋರಿಸಿದರೆ ಹಸಿರು, ಸಮಯ ದಾಟಿದ್ದರೆ ಕೆಂಪು. ಹನ್ನೊಂದು ಗಂಟೆಗೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಏದುಸಿರು ಬಿಡುತ್ತಾ ಬಂದರು. ಕೆಂಪು. “ಮಗು ಬಾತ್‌ರೂಮಿಗೆ ಅಂತಪ್ಪ, ಹತ್ತೇ ನಿಮಿಷ ತಡ ಆಗಿದ್ದು,” ಎಂದರು.

ಅವನು ಅಭ್ಯಾಸದಿಂದ ಕೈಯೆತ್ತಿ ಕೆಳಗೆ ತೋರಿಸಿದ. ಅಜ್ಜಿಯೂ ಮಗುವೂ ಆ ಕಡೆ ತಿರುಗಿ ನೋಡಿದರು. ಕೌಂಟರ್ ಇದ್ದ ಜಾಗದಲ್ಲಿ ಫೋನ್ ಚಾರ್ಜ್ ಮಾಡುವ ಸ್ಟ್ಯಾಂಡ್ ನಿಲ್ಲಿಸಿದ್ದರು.

“ಅಲ್ಲಿ ಯಾರೂ ಇಲ್ವಲ್ಲಪ್ಪ,” ಎಂದರು ಅಜ್ಜಿ.

“ಇಲ್ಲ ಅಮ್ಮ,” ಎಂದ ಅವನು, ಕೈ ಇಳಿಸಿ. “ಯಾರೂ ಇಲ್ಲ.”

ಗಾಡಿಯಲ್ಲಿ ಆಗ ಐದು ಸೀಟು ಖಾಲಿಯಿದ್ದವು, ಮನೆಯಲ್ಲೇ ಕೂತು ಬುಕ್ ಮಾಡಿ ಬಾರದವರದು. ಗೇಟು ಮಾತ್ರ ತೆರೆಯಲಿಲ್ಲ. ಖಾಲಿ ಸೀಟಿನ ಬೆಲ್ಟನ್ನೂ ಹಾಕಿಯೇ ಗಾಡಿ ಬಿಡಬೇಕು, ಅದು ಮೊದಲಿನಿಂದ ಇದ್ದ ನಿಯಮ. ಅವನು ಒಂದೊಂದಾಗಿ ಹಾಕುತ್ತಾ ಬಂದ. ಕೊನೆಯ ಸಾಲಿಗೆ ಬಂದಾಗ, ನಿನ್ನೆ ಅವಳು ಕೂತಿದ್ದ ಸೀಟಿನ ಬೆಲ್ಟನ್ನು ಹಾಕಿ, ಬಗ್ಗಿ, ಸರಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ. ಆಮೇಲೆ ಹೋಗಿ ಬ್ರೇಕ್ ಬಿಟ್ಟ.