ನಾಲ್ಕನೆಯ ಕೀ

"ಮೂರು ಸಲ ಬಿದ್ದೋರು ಸೋತಂಗ. ಸೋತೋರು ಮನಸಿನಾಗ ಮುಚ್ಚಿಟ್ಟಿದ್ದು ಹೇಳಬೇಕು," ಎಂದಳು ಸಂಗೀತಾ.

ಬೀರಲಿಂಗೇಶ ಕೀಬೋರ್ಡ್ ಮೇಲಿದ್ದ ಬೆರಳುಗಳನ್ನು ಹಿಂದಕ್ಕೆಳೆದುಕೊಂಡ.

2003ರ ಬೇಸಿಗೆ. ಕೊಟ್ಟೂರಿನ ಬೀಜದಂಗಡಿಯ ಮಹಡಿಯಲ್ಲಿದ್ದ ಕಂಪ್ಯೂಟರ್ ಸೆಂಟರ್‌ನಲ್ಲಿ ಇಬ್ಬರೂ ಆರು ತಿಂಗಳು ಒಂದೇ ಕಂಪ್ಯೂಟರ್ ಹಂಚಿಕೊಂಡು ಕಲಿತಿದ್ದರು. ಕಲಿಸುತ್ತಿದ್ದ ಓಬಳೇಶಪ್ಪ ಸರ್ ಚಹಾಕ್ಕೆ ಇಳಿದರೆ ಸಾಕು, ಸ್ಕೇಟ್‌ಬೋರ್ಡ್ ಗೇಮ್ ಶುರು. ಪರದೆಯ ಎಡಕ್ಕೆ ಅವನ ಹುಡುಗ, ಬಲಕ್ಕೆ ಅವಳ ಹುಡುಗ. ಆಡಲು ಒಂದೇ ಕೀಬೋರ್ಡ್. ಸಂಗೀತಾ ಒಂದು ದಿನವೂ ಸೋತವಳಲ್ಲ. ನಾಳೆ ಅವಳು ಡಿಟಿಪಿ ಅಕ್ಷರಜೋಡಣೆಯ ಕೆಲಸಕ್ಕೆಂದು ಹಡಗಲಿ ಊರಿಗೆ ಹೊರಟಿದ್ದಳು.

ಅವಳ ಗೆಲುವಿನ ಗುಟ್ಟು ಅವನೊಬ್ಬನಿಗೇ ಗೊತ್ತು. ಆ ಹಳೆಯ ಕೀಬೋರ್ಡ್‌ನಲ್ಲಿ ಮೂರು ಕೀ ಒಟ್ಟಿಗೆ ಒತ್ತಿದ್ದರೆ ನಾಲ್ಕನೆಯದು ಕೆಲಸ ಮಾಡುತ್ತಿರಲಿಲ್ಲ. ಅವನ ಎರಡು, ಅವಳದೊಂದು ಒತ್ತಿದ್ದಾಗ ಅವಳು ಹಾರಲು ಒತ್ತುವ ಕೀಯೇ ಆ ನಾಲ್ಕನೆಯದು. ಹಾರುವ ಮುಂಚೆ ಅವಳು ಕೆಳತುಟಿ ಕಚ್ಚುತ್ತಾಳೆ. ಅದು ಕಂಡೊಡನೆ ಅವನು ತನ್ನ ಬೆರಳು ಎತ್ತಿಬಿಡುತ್ತಿದ್ದ. ಅವಳ ಹುಡುಗ ಹಾರುತ್ತಿದ್ದ, ಇವನ ಹುಡುಗ ಬೀಳುತ್ತಿದ್ದ. ಅವಳು ನಗುತ್ತಿದ್ದಳು, ಇವನಿಗೆ ಅಷ್ಟೇ ಬೇಕಾಗಿತ್ತು.

ಇವತ್ತು ಸೋತರೆ ಬಾಯಿ ಬಿಡಬೇಕು. ಅವಳು ಒಲ್ಲೆ ಅಂದರೆ ಇದ್ದ ಗೆಳೆತನವೂ ಹೋದಂತೆ. ಗೆಲ್ಲದೆ ಬೇರೆ ದಾರಿಯಿರಲಿಲ್ಲ.

ಅವಳು ತುಟಿ ಕಚ್ಚಿದಳು. ಅವನು ಬೆರಳು ಎತ್ತಲಿಲ್ಲ. ಅವಳ ಹುಡುಗ ದಬಕ್ಕನೆ ಬಿದ್ದ.

"ಕೀ ಕೆಟ್ಟೈತೇನು?"

"ಗೊತ್ತಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನ್ ನಿಂತು ಯುಪಿಎಸ್ ಕೂಗತೊಡಗಿತು. ಬ್ಯಾಟರಿಯ ಮೇಲೆ ಕಂಪ್ಯೂಟರ್ ನಡೆಯುವುದು ಇನ್ನು ಐದೇ ನಿಮಿಷ.

ಅವಳ ಹುಡುಗ ಮತ್ತೆ ಬಿದ್ದ. ಈ ಸಲ ಅವಳು ನೋಡುತ್ತಿದ್ದುದು ಪರದೆಯನ್ನಲ್ಲ, ಅವನ ಕೈಯನ್ನು.

"ದಿನಾ ನಾ ಹಾರೋ ಹೊತ್ತಿಗೆ ಬೆರಳು ಎತ್ತತಿದ್ದಿ. ಇವತ್ತು ಎತ್ತಲಿಲ್ಲ."

ಅವನು ಆ ಬೆರಳನ್ನು ಅಂಗೈಯೊಳಗೆ ಮಡಚಿಕೊಂಡ.

"ಅಂದ್ರ ಇಷ್ಟು ದಿನ ನಾ ಗೆದ್ದಿದ್ದೆಲ್ಲಾ ನೀ ಬಿಟ್ಟುಕೊಟ್ಟಿದ್ದು?"

"ಸಿಟ್ಟಾಗಬ್ಯಾಡ, ಸಂಗೀತಾ."

"ಇವತ್ತೊಂದಿನ ಯಾಕ ಗೆಲ್ಲಬೇಕು ನಿನಗ?"

"ಸೋತ್ರ ಹೇಳಬೇಕಲ್ಲ. ಹೇಳಾಕ ಹೆದರಿಕಿ."

ಅವಳು ಅವನನ್ನೇ ದಿಟ್ಟಿಸಿದಳು. ಹುಬ್ಬಿನ ಗಂಟು ಮೆಲ್ಲಗೆ ಸಡಿಲಾಯಿತು. ಕೆಳಗೆ ಓಬಳೇಶಪ್ಪ ಸರ್ ಯಾರೊಡನೆಯೋ ಮಾತಾಡುವುದು ಕೇಳಿಸುತ್ತಿತ್ತು.

"ಆಡು," ಎಂದಳು.

ಇಬ್ಬರು ಹುಡುಗರೂ ಇಳಿಜಾರಿನಲ್ಲಿ ಓಡಿದರು. ಅವಳು ತುಟಿ ಕಚ್ಚಿದಳು. ಇವನಿಗೆ ತಡೆಯಲಾಗಲಿಲ್ಲ. ಬಂದದ್ದು ಬರಲಿ ಎಂದು ಬೆರಳು ಎತ್ತಿದ. ಆದರೂ ಅವಳ ಹುಡುಗ ಗೋಡೆಗೆ ಗುದ್ದಿ ಬಿದ್ದ. ಬೀರಲಿಂಗೇಶ ತಿರುಗಿ ನೋಡಿದ. ಅವಳ ಎರಡೂ ಕೈ ಮಡಿಲಲ್ಲಿದ್ದವು.

"ಮೂರಾತು. ನಾ ಸೋತೆ," ಎಂದಳು. ಕಿವಿಯ ತುದಿಯವರೆಗೂ ಕೆಂಪಾಗಿದ್ದಳು. "ಕೇಳು. ಹಡಗಲ್ಯಾಗ ಕೆಲಸ ಐತಿ, ನೀ ಇಲ್ಲ. ಒಂದು ವಾರದಿಂದ ನನಗ ಊಟ ಸೇರವಲ್ದು. ನೀ ಅಂದ್ರ ನನಗ ಅಷ್ಟು ಇಷ್ಟ."

ಯುಪಿಎಸ್ ಒಮ್ಮೆ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಪರದೆ ಕಪ್ಪಾಯಿತು.

"ನಾನೂ ಅದನ್ನೇ ಹೇಳಬೇಕಿತ್ತು," ಎಂದ ಅವನು.

"ಗೆದ್ದೋರು ಹೇಳಂಗಿಲ್ಲ."

"ಹಂಗಾದ್ರ ಭಾನುವಾರ ಹಡಗಲಿಗೆ ಬಂದು ಸೋಲ್ತೀನಿ."

ಅವಳು ನಕ್ಕಳು. ಮೆಟ್ಟಿಲ ಮೇಲೆ ಸರ್ ಚಪ್ಪಲಿಯ ಸದ್ದಾಯಿತು. ಕೀಬೋರ್ಡ್ ಮೇಲಿದ್ದ ಅವನ ಬೆರಳುಗಳ ಮೇಲೆ ಅವಳು ತನ್ನ ಕೈ ಇಟ್ಟಳು. ಸದ್ದು ಬಾಗಿಲವರೆಗೂ ಬಂತು. ಅವನು ಬೆರಳು ಎತ್ತಲಿಲ್ಲ.